ಹೋಗ ಎಂದರೆ ಬರುವವರು

ರಂಗೂಬಾಯಿ ಗಲಗಲಿಯವರಿಗೆ ನಾಯಿಗಳ ಮೇಲೆ ದ್ವೇಷವೇನೂ ಇರಲಿಲ್ಲ. ದ್ವೇಷಿಸುವುದಕ್ಕೂ ಒಂದಿಷ್ಟು ಸಲಿಗೆ ಬೇಕಾಗುತ್ತದೆ. ಅಷ್ಟು ಸಲಿಗೆಯನ್ನು ಅವರು ನಾಯಿಗಳಿಗಿರಲಿ, ಬೀಗರಿಗೂ ಕೊಟ್ಟವರಲ್ಲ. ಅವರ ತಕರಾರು ಇದ್ದದ್ದು ನಾಯಿ ಸಾಕುವ ಮನುಷ್ಯರ ಮೇಲೆ.

"ಮನ್ಯಾಗ ತಮ್ಮ ಮಾತು ಯಾರೂ ಕೇಳದ ಮಂದಿ ನಾಯಿ ಸಾಕ್ತಾರ," ಎಂದು ಅವರು ಹೇಳುತ್ತಿದ್ದರು. "ನಮ್ಮ ಮನ್ಯಾಗ ಆ ತ್ರಾಸ ಇಲ್ಲ."

ಪಕ್ಕದ ಕುರ್ಚಿಯಲ್ಲಿ ಕೂತ ಅವರ ಯಜಮಾನರು ಬಿಂದುಮಾಧವ ಗಲಗಲಿ "ಇಲ್ಲ, ಇಲ್ಲ" ಎಂದು ಮಾತು ಕೇಳುತ್ತಿದ್ದರು. ಅವರು ಪುಣೆಯ ಹವಾಮಾನ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಬಂಗಾಲ ಉಪಸಾಗರದಲ್ಲಿ ವಾಯುಭಾರ ಕುಸಿದರೆ ಮಳೆ ಎಲ್ಲಿ ಬಿದ್ದೀತೆಂದು ಬಲ್ಲ ಆ ಮನುಷ್ಯನಿಗೆ, ಅಡಿಗೆಮನೆಯಲ್ಲಿ ಪಾತ್ರೆ ಇಟ್ಟ ಸಪ್ಪಳ ಕೇಳಿದರೆ ಸಾಕು, ಮುಂದಿನ ಇಪ್ಪತ್ತನಾಲ್ಕು ಗಂಟೆಗಳ ಮುನ್ಸೂಚನೆ ತಿಳಿದುಬಿಡುತ್ತಿತ್ತು. ತಿಳಿದ ಕೂಡಲೆ ಚಪ್ಪಲಿ ಮೆಟ್ಟಿ ವಾಕಿಂಗಿಗೆ ಹೊರಟುಬಿಡುತ್ತಿದ್ದರು.

ರಂಗೂಬಾಯಿಯವರು ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಪುಣೆಗೆ ಬಂದು, ಅಲ್ಲಿ ಮನಃಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿ, ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಅದನ್ನೇ ಕಲಿಸಿದವರು. ಗಂಟೆ ಬಾರಿಸಿ ಬಾರಿಸಿ ನಾಯಿಗೆ ಊಟ ಹಾಕಿದರೆ, ಕೆಲವು ದಿನಗಳಲ್ಲಿ ಬರೀ ಗಂಟೆ ಕೇಳಿದರೂ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂಬ ಪಾಠವನ್ನು ಮೂವತ್ತೊಂದು ತಂಡಗಳ ವಿದ್ಯಾರ್ಥಿಗಳಿಗೆ ಚಿತ್ರ ಬರೆದು ತೋರಿಸಿದ್ದರು. ನಿಜವಾದ ನಾಯಿಯನ್ನು ಮಾತ್ರ ಹತ್ತಿರದಿಂದ ನೋಡಿರಲಿಲ್ಲ. (ಅದು ಪಠ್ಯಕ್ರಮದಲ್ಲಿ ಇರಲಿಲ್ಲ.)

ಪುಣೆಯ ಕೋಥರೂಡ ಬಡಾವಣೆಯ ಸಹಜೀವನ ವಸತಿ ಸೊಸೈಟಿಗೆ ಅವರು ಆರು ವರ್ಷಗಳಿಂದ ಅಧ್ಯಕ್ಷೆ. ಪುಣೆಯ ಜನ ಗೋಡೆಗೆ ಹಾಕುವ ಫಲಕಗಳ ವ್ಯಂಗ್ಯ ಜಗತ್ಪ್ರಸಿದ್ಧ. ಆದರೆ ಸಹಜೀವನದಲ್ಲಿ ಆ ಕಲೆಯನ್ನು ಶಿಖರಕ್ಕೇರಿಸಿದ್ದು ಒಬ್ಬ ಧಾರವಾಡದ ಹೆಣ್ಣುಮಗಳು. ಅವರ ಬಾಗಿಲ ಮೇಲೆ, "ಗಂಟೆ ಒಂದೇ ಸಲ ಒತ್ತಿರಿ. ಒಳಗಿರುವವರು ಮುದುಕರು, ಕಿವುಡರಲ್ಲ." ಮೆಟ್ಟಿಲ ಮೂಲೆಯಲ್ಲಿ, "ಇಲ್ಲಿ ಎಲೆಯಡಿಕೆ ಉಗುಳುವವರು ಕೆಳಗೆ ತಮ್ಮ ವಿದ್ಯಾರ್ಹತೆಯನ್ನೂ ಬರೆಯಬೇಕು." ಅಚ್ಚ ಮರಾಠಿಯಲ್ಲಿ, ಕಾಗುಣಿತದ ಒಂದು ತಪ್ಪೂ ಇಲ್ಲದೆ. ಪಕ್ಕದ ಸೊಸೈಟಿಯವರು ಬಂದು ಇವನ್ನು ನಕಲು ಮಾಡಿಕೊಂಡು ಹೋಗುತ್ತಿದ್ದರು. ಈ ಅಧ್ಯಕ್ಷ ಪದವಿ ಅವರಿಗೆ ಪ್ರಾಣ. ಡಾಕ್ಟರೇಟು ಗೋಡೆಯ ಮೇಲಿತ್ತು, ಪದವಿ ಕೈಯಲ್ಲಿತ್ತು.

ಆ ಪದವಿಯ ಮೇಲೆ ಮೊದಲ ಮಹಡಿಯ ದಿಗಂಬರ ಸಾಠೆಯವರಿಗೆ ಬಹಳ ದಿನಗಳಿಂದ ಕಣ್ಣು. ಅಂಚೆ ಇಲಾಖೆಯಿಂದ ನಿವೃತ್ತರಾದ ಮೇಲೆ ಮುದ್ರೆ ಒತ್ತಲು ಏನೂ ಇಲ್ಲದೆ ಅವರ ಕೈ ತುರಿಸುತ್ತಿತ್ತು.

ಈಗ ಒಂದು ನಿಯಮದ ಮಾತು ಹೇಳಬೇಕು. ರಂಗೂಬಾಯಿಯವರ ಎದುರು ಫ್ಲ್ಯಾಟಿನ ಕೇತಕಿ ಲಿಮಯೆ ಎಂಬ ಹುಡುಗಿ ಬೀದಿನಾಯಿಗಳಿಗೆ ಬಿಸ್ಕೀಟು ಹಾಕುತ್ತಿದ್ದಳು. ಕೇಳಿದರೆ, "ನನ್ನವಲ್ಲ ಕಾಕೂ, ಸುಮ್ಮನೆ ಬರುತ್ತವೆ," ಎನ್ನುತ್ತಿದ್ದಳು. ರಂಗೂಬಾಯಿ ಎರಡು ದಿನ ಬಾಗಿಲು ಹಾಕಿಕೊಂಡು ಕೂತು ಒಂದು ನಿಯಮ ರಚಿಸಿದರು: "ಮಾತು ಕೇಳಿ ನಾಯಿಯು ಯಾರ ಬಳಿಗೆ ಓಡುತ್ತದೆಯೋ, ಅವರು ವಾಸವಿರುವ ಫ್ಲ್ಯಾಟಿನ ಮಾಲಕರನ್ನೇ ನಾಯಿಯ ಮಾಲಕರೆಂದು ತಿಳಿಯತಕ್ಕದ್ದು. ಅವರು ಒಂದು ತಿಂಗಳೊಳಗೆ ನಾಯಿಗೆ ಬೇರೆ ಮನೆ ಹುಡುಕತಕ್ಕದ್ದು. ಆಗದಿದ್ದರೆ ಮಹಾನಗರಪಾಲಿಕೆಯಲ್ಲಿ ಅದನ್ನು ತಮ್ಮ ಹೆಸರಿಗೆ ನೋಂದಾಯಿಸಿ, ಸಮಿತಿಯಲ್ಲಿದ್ದರೆ ಸ್ಥಾನ ತ್ಯಜಿಸತಕ್ಕದ್ದು." (ಕೇತಕಿಯ ಫ್ಲ್ಯಾಟು ಅವಳ ಅತ್ತೆಯ ಹೆಸರಿನಲ್ಲಿತ್ತು. ಅತ್ತೆ ಸಮಿತಿಯಲ್ಲಿದ್ದರು. ಹೆಚ್ಚು ವಿವರಣೆ ಬೇಡ.) ಅತ್ತೆ ಮಾರನೆಯ ವಾರವೇ ರಾಜೀನಾಮೆ ಕೊಟ್ಟರು. ನಿಯಮ ಹಾಗೇ ಉಳಿಯಿತು.

ತೊಂಬತ್ತೆಂಟನೆಯ ಇಸವಿಯ ದೀಪಾವಳಿ. ಬೆಳಗಿನ ಅಭ್ಯಂಜನ ಮುಗಿದು ಕೋಥರೂಡದ ತುಂಬ ಸುತಳಿ ಬಾಂಬುಗಳು ಹಾರುತ್ತಿದ್ದವು. ಹಾಲು ತರಲು ಬಾಗಿಲು ತೆರೆದ ರಂಗೂಬಾಯಿಯವರಿಗೆ ಕಾಲೊರಸಿನ ಮೇಲೆ ನಾಯಿಯೊಂದು ಕೂತಿರುವುದು ಕಂಡಿತು. ಹೆಣ್ಣುನಾಯಿ. ಚಹಾದ ಬಣ್ಣ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿದ್ದು. ಬಾಂಬಿನ ಹೆದರಿಕೆಗೆ ಗಡಗಡ ನಡುಗುತ್ತಿತ್ತು.

ರಂಗೂಬಾಯಿ ಕಳೆದ ನಲವತ್ತು ವರ್ಷಗಳಿಂದ ಹೊಸ್ತಿಲಾಚೆ ಮರಾಠಿಯನ್ನೇ ಆಡಿದವರು. ಆದರೆ ಬೈಗುಳ ಎನ್ನುವುದು ಹುಟ್ಟಿದೂರಿನ ಭಾಷೆಯಲ್ಲೇ ಹೊರಡುತ್ತದೆ. ಕೈ ಬೀಸಿ, "ಹೋಗ!" ಎಂದರು.

ನಾಯಿ ಬಾಲ ಅಲ್ಲಾಡಿಸಿತು.

"ಹೋಗ! ಹೋಗ ಅಂದ್ರ ಹೋಗ!"

ಎದುರಿನ ಬಾಗಿಲು ತೆರೆಯಿತು. ಕೇತಕಿ ಕೈಯಲ್ಲಿ ಚಕ್ಕುಲಿ ಹಿಡಿದು ನಿಂತಿದ್ದಳು. ಅವಳ ಕಣ್ಣಲ್ಲಿ ನೀರು. "ಅಯ್ಯೋ ಕಾಕೂ," ಎಂದಳು, "ನಾವೆಲ್ಲ ನಿಮ್ಮನ್ನು ಎಷ್ಟು ತಪ್ಪು ತಿಳಿದಿದ್ದೆವು! ಎಷ್ಟು ಮಮತೆಯಿಂದ ಮಾತಾಡಿಸುತ್ತೀರಿ!"

(ಮರಾಠಿಯಲ್ಲಿ 'ಹೋ ಗ' ಎಂದರೆ 'ಹೌದಮ್ಮಾ' ಎಂದರ್ಥ. ಹೆಣ್ಣುಮಕ್ಕಳು ಹೆಣ್ಣುಮಕ್ಕಳಿಗೆ ಅಕ್ಕರೆಯಿಂದ ಹೇಳುವ ಮಾತು. ಎರಡು ಭಾಷೆಗಳು ಸಾವಿರ ವರ್ಷ ಅಕ್ಕಪಕ್ಕ ಬದುಕಿದರೆ ಇಂಥ ಅಪಘಾತಗಳು ಆಗುತ್ತವೆ.)

ರಂಗೂಬಾಯಿ ತಿದ್ದಿ ಹೇಳುವಷ್ಟರಲ್ಲಿ ಕೇತಕಿ ಮೂರು ಮಹಡಿಗಳಿಗೂ ಸುದ್ದಿ ಮುಟ್ಟಿಸಿದ್ದಳು. ಸಂಜೆಯ ಹೊತ್ತಿಗೆ ನಾಯಿಗೆ ನಾಮಕರಣವೂ ಆಗಿತ್ತು. ಗಲಗಲಿ ಕಾಕೂ ಅದನ್ನು ಕರೆಯುವುದು ಹಾಗೇ ಅಲ್ಲವೆ? ಹೋಗಾ.

ಮುಂದಿನ ಎರಡು ವಾರಗಳಲ್ಲಿ ನಡೆದದ್ದು ವಿಜ್ಞಾನಕ್ಕೆ ಸವಾಲು. ರಂಗೂಬಾಯಿ ಬಾಗಿಲಲ್ಲಿ ನಿಂತು "ಹೋಗ!" ಎಂದರೆ ಮಲಗಿದ ನಾಯಿ ಎದ್ದು ಕೂಡುತ್ತಿತ್ತು. ಕಂಪೌಂಡಿನಲ್ಲಿ ವಾಕಿಂಗ್ ಮಾಡುವಾಗ ದೂರದಿಂದ ಕಂಡು "ಹೋಗ!" ಎಂದರೆ ಕಿವಿ ಹಿಂದಕ್ಕೆ ಮಾಡಿಕೊಂಡು ನೇರವಾಗಿ ಅವರ ಕಡೆಗೇ ಓಡಿ ಬರುತ್ತಿತ್ತು. ಜೋರಾಗಿ ಅಂದಷ್ಟೂ ಜೋರಾಗಿ ಬರುತ್ತಿತ್ತು. ರಂಗೂಬಾಯಿ ಕೋಲು ಎತ್ತಿದರೆ ಪಕ್ಕಕ್ಕೆ ಸರಿದು, ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆಯುವ ಬಿಂದುಮಾಧವರ ಮರೆಯಲ್ಲಿ ನಿಲ್ಲುತ್ತಿತ್ತು.

"ಇದಕ್ಕ ಉಲ್ಟಾ ಬುದ್ಧಿ," ಎಂದು ತೀರ್ಮಾನಿಸಿದ ರಂಗೂಬಾಯಿ ಪ್ರಯೋಗಕ್ಕಿಳಿದರು. ಹೋಗ ಎಂದರೆ ಬರುವುದಾದರೆ ಬಾ ಎಂದರೆ ಹೋಗಬೇಕು. "ಬಾ!" ಎಂದರು. ನಾಯಿ ಕೂತು ಕಿವಿ ಕೆರೆದುಕೊಂಡಿತು.

"ಮಾತ ಕೇಳಂಗಿಲ್ಲ ಅಂತಲ್ಲ, ಅದಕ್ಕ ತಿಳಿಯಂಗಿಲ್ಲ," ಎಂದರು ಬಿಂದುಮಾಧವರು.

"ನೀವು ಅದರ ವಕೀಲಿಕಿ ಮಾಡಬ್ಯಾಡ್ರಿ."

"ಛೆ, ನನಗ್ಯಾಕ ಬೇಕು ಅದರ ಉಸಾಬರಿ?" ಎಂದು ಅವರು ಇನ್ನೊಂದು ಚಪಾತಿ ಕೇಳಿದರು. ಇತ್ತೀಚೆಗೆ ಅವರ ಹಸಿವು ಹೆಚ್ಚಾಗಿತ್ತು. ಅರವತ್ತೆಂಟನೆಯ ವಯಸ್ಸಿನಲ್ಲಿ, ತುಪ್ಪ ಸಕ್ಕರೆ ಸವರಿ ಸುರುಳಿ ಸುತ್ತಿದ ಚಪಾತಿ ಬೇಕೆನ್ನುತ್ತಿದ್ದರು. ಅದೂ ಕೂತು ತಿನ್ನದೆ, ಅಡ್ಡಾಡುತ್ತ ತಿನ್ನಲು. ರಂಗೂಬಾಯಿ ಇದನ್ನು ಮನಃಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿ 'ಎರಡನೆಯ ಬಾಲ್ಯ' ಎಂದು ರೋಗನಿರ್ಣಯ ಮಾಡಿದ್ದರು.

ಒಂದು ಬೆಳಿಗ್ಗೆ ಸಾಠೆಯವರು ಗೇಟಿನ ಬಳಿ ನಿಂತು ಈ "ಹೋಗ"ದ ಪವಾಡವನ್ನು ಆರು ಸಲ ನೋಡಿ, ಮನೆಗೆ ಹೋಗಿ ಕಾಗದ ತಂದರು. ಅದರ ಮೇಲೆ ರಂಗೂಬಾಯಿಯವರದೇ ನಿಯಮ, ಕೆಳಗೆ ದಪ್ಪ ಮುದ್ರೆ.

"ಮ್ಯಾಡಮ್, ನಿಮ್ಮ ಮಾತು ಕೇಳಿ ನಾಯಿ ನಿಮ್ಮ ಬಳಿಗೇ ಓಡಿ ಬರುತ್ತದೆ."

"ಅದನ್ನು ನಾನು ಓಡಿಸುತ್ತಿದ್ದೇನೆ!"

"ಓಡಿಸುತ್ತೀರೋ ಕರೆಯುತ್ತೀರೋ ಎಂದು ನಿಯಮ ಕೇಳುವುದಿಲ್ಲ. ಬಹಳ ಚೆನ್ನಾಗಿ ಬರೆದ ನಿಯಮ. ಬರೆದವರನ್ನು ಅಭಿನಂದಿಸಬೇಕು." ಸಾಠೆ ಹಲ್ಲು ತೋರಿಸಿದರು. "ಡಿಸೆಂಬರ್ ಎರಡನೆಯ ರವಿವಾರ ವಾರ್ಷಿಕ ಸಭೆ. ಅಷ್ಟರೊಳಗೆ ಮನೆ ಹುಡುಕಿ. ಇಲ್ಲವಾದರೆ ಕುರ್ಚಿ ಬಿಡಿ."

ರಂಗೂಬಾಯಿ ಒಳಗೆ ಬಂದು ಇಪ್ಪತ್ತೆರಡು ಪ್ರಶ್ನೆಗಳ ಒಂದು ಪ್ರಶ್ನಾವಳಿ ತಯಾರಿಸಿದರು. ನಾಯಿ ಬೇಕೆನ್ನುವವರಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು ಬಿಟ್ಟು ಇದೆಲ್ಲ ಏಕೆಂದು ಬಿಂದುಮಾಧವರು ಕೇಳಿದರು.

"ಒಂದು ಕೆಲಸ ಮಾಡಿದರ ಪದ್ಧತಶೀರ ಮಾಡಬೇಕು. ಇದರಾಗ ಅಂತಃಕರಣದ ಪ್ರಶ್ನಿ ಇಲ್ಲ."

ಮೊದಲು ಬಂದವನು ಅವರ ಸೋದರಳಿಯ ರಾಜೀವ. ರಾಂಜಣಗಾಂವದ ಕಾರಖಾನೆಯೊಂದರಲ್ಲಿ ಸೂಪರ್‌ವೈಜರ್. ಕಾರಖಾನೆಯ ಗೇಟಿಗೆ ನಾಯಿ ಬೇಕಾಗಿತ್ತು. ಬಿಂದುಮಾಧವರು ಕಾಂದೆಪೋಹೆ, ಅಂದರೆ ಉಳ್ಳಾಗಡ್ಡಿ ಅವಲಕ್ಕಿ, ಮಾಡಿಸಿದ್ದರು. ಪುಣೆಯಲ್ಲಿ ಕನ್ಯೆ ನೋಡಲು ಬಂದವರಿಗೆ ಅದನ್ನೇ ಕೊಡುವ ಸಂಪ್ರದಾಯ. "ಹುಡುಗಿಗೆ ಹಾಡ್ಲಿಕ್ಕೆ ಬರ್ತದ, ಆದರ ಬ್ಯಾರೆ ನಾಯಿ ಅತ್ತಾಗಷ್ಟ," ಎಂದು ಅವರು ಪರಿಚಯಿಸಿದರು.

"ಡ್ಯೂಟಿ ಎಷ್ಟ ತಾಸು?" ರಂಗೂಬಾಯಿ ಏಳನೆಯ ಪ್ರಶ್ನೆಗೆ ಬಂದಿದ್ದರು.

"ನಾಯಿಗೆ ಎಂಥಾ ಡ್ಯೂಟಿ ಅತ್ತಿ, ಇಪ್ಪತ್ತನಾಲ್ಕೂ ತಾಸು ಗೇಟಿನ್ಯಾಗ ಕಟ್ಟಿರ್ತೇವಿ."

"ವಾರದ ಸೂಟಿ?"

ರಾಜೀವ ಪೋಹೆಯ ತಟ್ಟೆಯಿಂದ ತಲೆ ಎತ್ತಿದ. "ಸೂಟಿ? ಅತ್ತಿ, ನನಗಽ ಇಲ್ಲ ವಾರದ ಸೂಟಿ."

"ನೀ ಸಹಿಸಿಕೋತಿ, ಅದು ನಿನ್ನ ಸಂಸ್ಕಾರ. ಪೋಹೆ ಮುಗಸಿ ನಡಿ."

ಎರಡನೆಯವಳು ಕೇತಕಿ. ಅತ್ತೆ ಸಾಂಗಲಿಗೆ ಹೋಗಿದ್ದರು, ಒಂದು ತಿಂಗಳು ಇಟ್ಟುಕೊಳ್ಳುತ್ತೇನೆ, ಆಮೇಲೆ ಅತ್ತೆಯನ್ನು ಒಪ್ಪಿಸುತ್ತೇನೆ ಎಂದಳು. ಪ್ರಶ್ನಾವಳಿಯ ಇಪ್ಪತ್ತೆರಡರಲ್ಲಿ ಇಪ್ಪತ್ತು ಪ್ರಶ್ನೆಗಳಲ್ಲಿ ಉತ್ತೀರ್ಣಳಾದಳು. ಆದರೆ ಪ್ರಶ್ನಾವಳಿಯಲ್ಲಿ ಟೆಲಿಫೋನಿನ ಪ್ರಶ್ನೆ ಇರಲಿಲ್ಲ. ಕೇತಕಿಗೆ ಠಾಣೆಯಲ್ಲಿ ಒಬ್ಬ ಅಕ್ಕ. ದಿನಕ್ಕೆ ಒಂದು ತಾಸು ಫೋನು. ಅಕ್ಕ ಹೇಳಿದ್ದಕ್ಕೆಲ್ಲ ತಂಗಿಯ ಉತ್ತರ ಒಂದೇ: "ಹೋ ಗ... ಹೋ ಗ... ಹೋ ಗ, ಗೊತ್ತು..." ಪ್ರತಿಯೊಂದು 'ಹೋ ಗ'ಕ್ಕೂ ನಾಯಿ ನೆಗೆದು ಬಂದು, ಏನನ್ನೋ ನಿರೀಕ್ಷಿಸಿ, ಅದು ಸಿಗದೆ ಬೊಗಳಿ, ಕೊನೆಗೆ ಟೆಲಿಫೋನಿನ ವೈರನ್ನೇ ಕಚ್ಚಿ ತುಂಡು ಮಾಡಿತು. ಮೂರನೆಯ ದಿನ ಕೇತಕಿ ಅದನ್ನು ಮತ್ತೆ ರಂಗೂಬಾಯಿಯವರ ಕಾಲೊರಸಿನ ಮೇಲೆ ಕೂರಿಸಿ ಹೋದಳು. "ಇದು ಮರಾಠಿ ಹೆಂಗಸರಿರುವ ಯಾವ ಮನೆಯಲ್ಲೂ ಬಾಳುವುದಿಲ್ಲ ಕಾಕೂ," ಎಂದಳು.

"ಹಂಗಾದ್ರ ಕನ್ನಡದವರ ಮನಿ ಹುಡುಕೋಣ," ಎಂದರು ಬಿಂದುಮಾಧವರು. ಹುಡುಕಲು ದೂರ ಹೋಗಬೇಕಾಗಲಿಲ್ಲ. ಪುಣೆಯ ಹತ್ತಿರದ ಭೋರಿನ ಪೇಟೆಯಲ್ಲಿ ಅವರ ಚಿಕ್ಕಪ್ಪನ ಮಗ ಶ್ಯಾಮ ಹಗ್ಗ, ಸಲಿಕೆ, ಗುದ್ದಲಿಗಳ ಅಂಗಡಿ ಇಟ್ಟಿದ್ದ. ಮನೆಯ ಹಿಂದೆ ದೊಡ್ಡ ಹಿತ್ತಲು, ಎರಡು ಮಾವಿನ ಮರ. ಶ್ಯಾಮ ಜೀಪು ತಂದ. ಇಪ್ಪತ್ತೆರಡು ಪ್ರಶ್ನೆಗಳಿಗೂ ಸರಿಯಾದ ಉತ್ತರ ಕೊಟ್ಟ. ರಂಗೂಬಾಯಿ ಹಳೆಯ ಕಾಲೊರಸನ್ನು ಮಡಿಚಿ ಜೀಪಿನಲ್ಲಿ ಹಾಕಿದರು. "ಹೊಲಸಾಗೇದ, ಒಗೀಬೇಕಂತನ ಇದ್ದೆ," ಎಂದು ಯಾರೂ ಕೇಳದೆಯೇ ವಿವರಿಸಿದರು.

ಅನಂತರ ಒಂದು ವಾರ ಸಹಜೀವನದಲ್ಲಿ ಶಾಂತಿ. ಸಾಠೆಯವರ ಮೋರೆ ಬಾಡಿತು. ರಂಗೂಬಾಯಿ ದಿನಾಲು ಮಧ್ಯಾಹ್ನ ಎರಡು ಮೂರು ಸಲ ಬಾಗಿಲು ತೆರೆದು ಪೇಪರು ಬಂದಿದೆಯೇ ಎಂದು ನೋಡುತ್ತಿದ್ದರು. ಪೇಪರು ಬರುವುದು ಬೆಳಿಗ್ಗೆ ಆರಕ್ಕೆ. ಬಿಂದುಮಾಧವರ ಹಸಿವು ಇದ್ದಕ್ಕಿದ್ದಂತೆ ಕಡಿಮೆಯಾಯಿತು.

ಎಂಟನೆಯ ದಿನ ಭೋರಿನಿಂದ ಫೋನು.

"ವೈನೀ, ಸಿಟ್ಟಾಗಬ್ಯಾಡ್ರಿ," ಎಂದ ಮೈದುನ ಶ್ಯಾಮ. "ನಾಯಿ ಭಾಳ ಛಲೋ ಅದ. ತಪ್ಪು ನಮ್ಮದಽ. ನಮ್ಮ ಮನ್ಯಾಗ ಒಂದು ದಿನಕ್ಕ ಎಷ್ಟು ಸಲ 'ಹೋಗ' ಅಂತೇವಿ ಅನ್ನೋದು ನಮಗಽ ಗೊತ್ತಿದ್ದಿಲ್ಲ."

"ಅಂದ್ರ?"

"ನಮ್ಮವ್ವ ಮಗ್ಗಿ ಹೇಳಿದಂಗ ಹೇಳ್ತಾಳಲ್ರಿ. ಏ, ಸಾಲಿಗೆ ಹೋಗ. ಏ, ಸ್ನಾನಕ್ಕ ಹೋಗ. ಅಂಗಡಿಗೆ ಹೋಗ. ಆಚೀಕ ಹೋಗ. ಒಮ್ಮೊಮ್ಮೆ ನನಗ, ಎಲ್ಲ್ಯರ ಹಾಳಾಗಿ ಹೋಗ. ಪ್ರತಿ ಸಲ ಇದು ಓಡಿ ಬಂದು ನನ್ನ ಕಿಸೆದಾಗ ಮಾರಿ ಹಾಕ್ತದ. ನಿನ್ನೆ ಗಿರಾಕಿಗೆ 'ಈ ಕೊಡ್ಲಿ ಮುರಿದು ಹೋಗಂಗಿಲ್ರಿ' ಅಂದೆ. ಅದರಾಗೂ 'ಹೋಗ' ಅದ. ಗಿರಾಕಿ ಓಡಿ ಹೋದ."

"ಕಿಸೆದಾಗ ಯಾಕ ಮಾರಿ ಹಾಕ್ತದ?" ಎಂದು ರಂಗೂಬಾಯಿ ಕೇಳಬೇಕಾಗಿತ್ತು. ಮೂವತ್ತೊಂದು ವರ್ಷ ಪಾಠ ಹೇಳಿದವರು ಕೇಳಲೇಬೇಕಾಗಿದ್ದ ಪ್ರಶ್ನೆ ಅದು. ಆದರೆ ಅವರು, "ಉಂಡದೋ ಇಲ್ಲೋ ಅದು?" ಎಂದು ಕೇಳಿದರು.

ನಾಯಿ ವಾರ್ಷಿಕ ಸಭೆಯ ಹಿಂದಿನ ದಿನ ಜೀಪಿನಲ್ಲಿ ವಾಪಸು ಬಂತು. ಕಾಲೊರಸನ್ನೂ ತಂದಿತ್ತು.

ಕಟ್ಟಡದ ತಾರಸಿಯ ಮೇಲೆ ಸಭೆ. ಬೆಳಿಗ್ಗೆ ಹತ್ತು ಗಂಟೆ. ಮುಂದೆ ಮೇಜು, ಮೇಜಿನ ಹಿಂದೆ ಅಧ್ಯಕ್ಷರು, ಎದುರಿಗೆ ಬಾಡಿಗೆಯ ಕುರ್ಚಿಗಳು. ಬಿಂದುಮಾಧವರು ಎಲ್ಲರಿಗಿಂತ ಹಿಂದೆ, ನೀರಿನ ಟಾಕಿಯ ನೆರಳಿನಲ್ಲಿ ಕೋಟು ಹಾಕಿಕೊಂಡು ಕೂತಿದ್ದರು. ಆ ದಿನದ ಮುನ್ಸೂಚನೆ ಅವರಿಗೆ ಸರಿ ಕಂಡಿರಲಿಲ್ಲ. ನಾಯಿ ಮಧ್ಯದಲ್ಲಿ, ಪುರಾವೆಯಾಗಿ, ಕೇತಕಿಯ ಕಾಲ ಬಳಿ.

ಕಳೆದ ವರ್ಷದ ವರದಿ ಓದಿದ್ದಾಯಿತು. ಸಾಠೆ ಎದ್ದರು. "ಸಭೆಯ ಸಮಕ್ಷಮ ಪರೀಕ್ಷೆ ಆಗಲಿ. ಅಧ್ಯಕ್ಷರು ಆ ಶಬ್ದ ಹೇಳಲಿ."

ರಂಗೂಬಾಯಿ ಇದಕ್ಕೆ ಸಿದ್ಧರಾಗಿಯೇ ಬಂದಿದ್ದರು. ಕನ್ನಡ ಬಡ ಭಾಷೆಯಲ್ಲ. ನಾಯಿಯ ಕಡೆ ತಿರುಗಿ, "ನಡಿ!" ಎಂದರು. ನಾಯಿ ಆಕಳಿಸಿತು.

"ಈ ಶಬ್ದ ಅಲ್ಲ," ಎಂದರು ಸಾಠೆ. "ಇದನ್ನು ನಾವು ಯಾರೂ ಕೇಳಿಲ್ಲ. ದಿನಾಲು ಹೇಳುವ ಶಬ್ದ ಹೇಳಿ. ಮ್ಯಾಡಮ್ ವಿಜ್ಞಾನ ಓದಿದವರು. ಪರೀಕ್ಷೆಗೆ ಹೆದರುತ್ತಾರೆಯೇ?"

ರಂಗೂಬಾಯಿಯವರನ್ನು ಏನು ಬೇಕಾದರೂ ಅನ್ನಬಹುದು, ಹೆದರುತ್ತಾರೆ ಎನ್ನಬಾರದು. ಅವರು ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ಆರು ವರ್ಷದ ಪದವಿಯನ್ನು ಒಂದು ಶಬ್ದದ ಮೇಲೆ ಪಣಕ್ಕಿಟ್ಟು, ಕೋಥರೂಡದ ಆ ತುದಿಯವರೆಗೆ ಕೇಳುವಂತೆ ಹೇಳಿದರು:

"ಹೋಗ!"

ನಾಯಿ ಚಂಗನೆ ಎದ್ದಿತು. ಕಿವಿ ಹಿಂದಕ್ಕೆ ಮಾಡಿತು. ಮತ್ತು, ಎಂಥ ಆಶ್ಚರ್ಯ, ರಂಗೂಬಾಯಿಯವರಿಗೆ ಬೆನ್ನು ಹಾಕಿ ಓಡಿ ಹೋಯಿತು!

"ನೋಡಿ!" ಎಂದು ರಂಗೂಬಾಯಿ ಮೇಜು ಗುದ್ದಿದರು. "ಹೋಗು ಎಂದೆ, ಹೋಯಿತು! ಸಭೆಯ ನಡಾವಳಿಯಲ್ಲಿ ಬರೆದುಕೊಳ್ಳಿ. ಹೋಯಿತು! ಬರಲಿಲ್ಲ!"

ಅವರ ಬಾಳಿನಲ್ಲಿ ಇಷ್ಟು ಶುದ್ಧವಾದ ವಿಜಯ ಹಿಂದೆಂದೂ ಬಂದಿರಲಿಲ್ಲ. ಅದು ಸುಮಾರು ಹತ್ತು ಸೆಕೆಂಡು ಇತ್ತು. ಆಮೇಲೆ ಜನ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿ ನಗತೊಡಗಿದರು.

ಟಾಕಿಯ ನೆರಳಿನಲ್ಲಿ ನಾಯಿ ಬಿಂದುಮಾಧವರ ಕೋಟಿನ ಬಲಗಿಸೆಯಲ್ಲಿ ಕಣ್ಣಿನವರೆಗೆ ಮುಖ ಹಾಕಿ ನಿಂತಿತ್ತು. ಬಿಂದುಮಾಧವರು ಆಕಾಶದಲ್ಲಿ ಮೋಡ ಹುಡುಕುತ್ತಿದ್ದರು. ಡಿಸೆಂಬರಿನ ಆಕಾಶದಲ್ಲಿ ಒಂದೂ ಇರಲಿಲ್ಲ. ನಾಯಿ ಮುಖ ಹೊರಗೆ ತೆಗೆದಾಗ ಬಾಯಲ್ಲಿ ಚಪಾತಿಯ ಸುರುಳಿ ಇತ್ತು. ತುಪ್ಪ, ಸಕ್ಕರೆ, ಎಲ್ಲ ಇತ್ತು.

ರಂಗೂಬಾಯಿ ಕುರ್ಚಿಗಳ ನಡುವೆ ನಡೆದು ಬಂದರು. ಕುರ್ಚಿಗಳು ತಾವೇ ಸರಿದು ದಾರಿ ಬಿಟ್ಟವು.

"ಎಂದಿನಿಂದ?"

"ದೀಪಾವಳಿಯಿಂದ," ಎಂದರು ಬಿಂದುಮಾಧವರು ಆಕಾಶಕ್ಕೆ.

"ದಿನಕ್ಕೆಷ್ಟು ಸಲ?"

"ನೀ ಎಷ್ಟು ಸಲ ಹೋಗ ಅಂದಿಯೋ ಅಷ್ಟು ಸಲ. ನೀ ಬೈದು ಬಾಗಲಾ ಹಾಕಿಕೊಂಡ ಮ್ಯಾಲೆ ಮನಸ್ಸು ತಡೀತಿದ್ದಿಲ್ಲ. ಪಾಪ ಅನಸ್ತಿತ್ತು."

"ನಾಯಿಗೆ ಬೈದರ ನಿಮಗ್ಯಾಕ ಪಾಪ ಅನಸಬೇಕು?"

ಬಿಂದುಮಾಧವರು ಈಗ ಆಕಾಶ ಬಿಟ್ಟು ಕೆಳಗೆ ನೋಡಿದರು. "ಬೈಸಿಕೊಂಡವರ ಸಂಕಟ ಬೈಸಿಕೊಂಡವರಿಗೇ ಗೊತ್ತು, ರಂಗೂ."

ಕನ್ನಡ ತಿಳಿಯದ ಸಭೆ ಕೂಡ ಇದಕ್ಕೆ ನಕ್ಕಿತು. ಗಂಡಂದಿರು ಹೆಚ್ಚು ನಕ್ಕರು.

ರಂಗೂಬಾಯಿಯವರ ಕಣ್ಣ ಮುಂದೆ ಕಾಲೇಜಿನ ಕಪ್ಪು ಹಲಗೆ ತೇಲಿ ಬಂತು. ಮೊದಲು ಗಂಟೆ, ಆಮೇಲೆ ಊಟ. ಮೊದಲು ಗಂಟೆ, ಆಮೇಲೆ ಊಟ. ಚಿತ್ರದಲ್ಲಿ ನಾಯಿ ಯಾರೆಂದು ಗೊತ್ತಿತ್ತು. ಊಟ ಹಾಕುವವರು ಯಾರೆಂದು ಈಗ ಗೊತ್ತಾಯಿತು. ಉಳಿದದ್ದು ಗಂಟೆ. ಮೂವತ್ತೊಂದು ವರ್ಷ ಆ ಪಾಠ ಹೇಳಿದ ಡಾಕ್ಟರ್ ರಂಗೂಬಾಯಿ ಗಲಗಲಿ ಒಂದೂವರೆ ತಿಂಗಳು ಗಂಟೆಯಾಗಿ ಬಾರಿಸಿದ್ದರು.

ಆದರೂ ಅವರು ಸುಲಭಕ್ಕೆ ಬಿಡುವವರಲ್ಲ. "ನಿಯಮದ ಪ್ರಕಾರ," ಎಂದರು ಸಭೆಗೆ, "ನಾಯಿ ಓಡಿದ್ದು ನನ್ನ ಬಳಿಗಲ್ಲ. ಇವರ ಬಳಿಗೆ. ಇವರು ಸಮಿತಿಯಲ್ಲಿಲ್ಲ. ಪ್ರಶ್ನೆ ಮುಗಿಯಿತು."

ಸಾಠೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "'...ಅವರು ವಾಸವಿರುವ ಫ್ಲ್ಯಾಟಿನ ಮಾಲಕರನ್ನೇ ನಾಯಿಯ ಮಾಲಕರೆಂದು ತಿಳಿಯತಕ್ಕದ್ದು.' ಒಂಬತ್ತನೆಯ ನಂಬರಿನ ಫ್ಲ್ಯಾಟು ಯಾರ ಹೆಸರಿನಲ್ಲಿದೆ ಮ್ಯಾಡಮ್?"

ಫ್ಲ್ಯಾಟು ರಂಗೂಬಾಯಿಯವರೊಬ್ಬರ ಹೆಸರಿನಲ್ಲಿತ್ತು. ಕೊಳ್ಳುವಾಗ ಗಂಡನ ಹೆಸರನ್ನೂ ಸೇರಿಸೋಣ ಎಂದು ಏಜೆಂಟು ಹೇಳಿದಾಗ, "ಯಾತಕ್ಕ? ಬಾಗಲಕ್ಕ ಎರಡು ಹೆಸರಿದ್ದರ ಪೋಸ್ಟಮನ್‌ಗೆ ಗೊಂದಲ," ಎಂದವರು ಅವರೇ. ಪೋಸ್ಟಿನವರು ಹದಿನೇಳು ವರ್ಷಗಳ ನಂತರ ಸೇಡು ತೀರಿಸಿಕೊಂಡರು.

ರಾಜೀನಾಮೆಯನ್ನು ಅವರು ಅಲ್ಲೇ ಬರೆದುಕೊಟ್ಟರು, ಕಾಗುಣಿತದ ತಪ್ಪಿಲ್ಲದೆ. ಹೊಸ ಅಧ್ಯಕ್ಷರಾದ ಸಾಠೆಯವರ ಮೊದಲ ಫಲಕದಲ್ಲಿ ಮೂರು ತಪ್ಪುಗಳಿದ್ದವು. ರಂಗೂಬಾಯಿಯವರ ದುಃಖಕ್ಕೆ ಸ್ವಲ್ಪ ಸಮಾಧಾನ ಸಿಕ್ಕಿದ್ದು ಅಲ್ಲಿ ಮಾತ್ರ.

ನಿಯಮದ ಕೊನೆಯ ಭಾಗ ಇನ್ನೂ ಬಾಕಿ ಇತ್ತು. ಸೋಮವಾರ ಗಂಡ, ಹೆಂಡತಿ, ನಾಯಿ ಮೂವರೂ ರಿಕ್ಷಾ ಮಾಡಿಕೊಂಡು ಮಹಾನಗರಪಾಲಿಕೆಯ ಕಚೇರಿಗೆ ಹೋದರು. ದಾರಿಯುದ್ದಕ್ಕೂ ರಂಗೂಬಾಯಿ ಮಾತಾಡಲಿಲ್ಲ. (ಬೈಯಬೇಕೆಂದರೂ ಆ ಶಬ್ದ ಬಳಸುವಂತಿರಲಿಲ್ಲ. ಅದಿಲ್ಲದೆ ಕನ್ನಡದಲ್ಲಿ ಗಂಡನನ್ನು ಬೈದು ನೋಡಿ, ಕಷ್ಟ ತಿಳಿಯುತ್ತದೆ.)

ಕಚೇರಿಯ ಗುಮಾಸ್ತ ಫಾರ್ಮು ತುಂಬುತ್ತ ಕೇಳಿದ. "ಹೆಸರು?"

"ಹೋಗಾ," ಎಂದರು ಬಿಂದುಮಾಧವರು. ನಾಯಿ ಅವರ ಕಿಸೆ ಮೂಸಿತು.

"ಪೂರ್ತಿ ಹೆಸರು ಬೇಕು."

"ನಾಯಿಗೆ ಎಂಥ ಪೂರ್ತಿ ಹೆಸರು?" ಎಂದರು ರಂಗೂಬಾಯಿ.

"ಎಲ್ಲರಿಗೂ ಬೇಕು ಬಾಯಿಯವರೇ. ತನ್ನ ಹೆಸರು, ಪಾಲಕರ ಹೆಸರು, ಮನೆತನದ ಹೆಸರು." ಮಹಾರಾಷ್ಟ್ರದಲ್ಲಿ ಮನುಷ್ಯರ ಹೆಸರನ್ನು ಹೀಗೇ ಬರೆಯುತ್ತಾರೆ; ಗುಮಾಸ್ತ ಭೇದಭಾವ ಮಾಡುವವನಲ್ಲ. ಬರೆದುಕೊಂಡ. "ಕೂತಿರಿ. ಸಹಿ ಆದ ಮೇಲೆ ಕರೆಯುತ್ತೇನೆ."

ಕೋಣೆಯ ತುಂಬ ಜನ. ರಂಗೂಬಾಯಿ ಬೆಂಚಿನ ಮೇಲೆ ಕೂತರು. ನಾಯಿ ಅವರ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಅವರು ಪಾದ ಎಳೆದುಕೊಳ್ಳಲಿಲ್ಲ; ನೆಲ ತಣ್ಣಗಿತ್ತು. ಪಕ್ಕದಲ್ಲಿ ಪಟಕಾ ಸುತ್ತಿದ ಒಬ್ಬ ಕಾಯಿಪಲ್ಲೆ ವ್ಯಾಪಾರಿ ತನ್ನ ಪರವಾನಗಿಗೆ ಕಾಯುತ್ತಿದ್ದ. ಇವರ ಮಾತು ಕೇಳಿ, "ನಮ್ಮ ಕಡೆಯ ಮಂದಿ ಏನ್ರಿ?" ಎಂದು ಸಂತೋಷಪಟ್ಟ. ಫಕೀರಪ್ಪನಂತೆ, ವಿಜಾಪುರ ಕಡೆಯವನು.

ಅರ್ಧ ತಾಸಾಯಿತು. ಗುಮಾಸ್ತ ಕಿಟಕಿಯಿಂದ ಕಾಗದ ಹೊರಗೆ ಹಿಡಿದು ಕೋಣೆಯ ತುಂಬ ಕೇಳುವಂತೆ ಕೂಗಿದ:

"ಹೋಗಾ ರಂಗೂಬಾಯಿ ಗಲಗಲೀ!"

ಫಕೀರಪ್ಪ ಸಟ್ಟನೆ ಎದ್ದು ನಿಂತ. ಅವನ ಮೋರೆ ಕೆಂಪಾಗಿತ್ತು. "ಏನ್ ಸೊಕ್ಕ ನೋಡ್ರಿ ಇಂವಂದು! ತಲಿ ಬೆಳ್ಳಗಾದ ತಾಯಿಗೆ 'ಹೋಗ ರಂಗೂಬಾಯಿ' ಅಂತ ಏಕವಚನದಾಗ ಅಂತಾನ! ರೀ ಹಚ್ಚಿ ಅನ್ನಲಿಕ್ಕೆ ಏನ ಧಾಡಿ ಆಗೇದ ಇಂವಗ?"

"ಹೋಗಾ ರಂಗೂಬಾಯಿ!" ಗುಮಾಸ್ತ ಇನ್ನೂ ಜೋರಾಗಿ ಕೂಗಿದ.

"ಯಕ್ಕಾ, ನೀವು ಸುಮ್ಮ ಕುಂಡರ್ರಿ. ನಾ ಕೇಳ್ತೀನಿ ಅವನ್ನ," ಎಂದು ಫಕೀರಪ್ಪ ತೋಳು ಏರಿಸತೊಡಗಿದ. ಬಿಂದುಮಾಧವರು ಕರ್ಚೀಫನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದ್ದರು. ಅವರ ಭುಜಗಳು ಮಾತ್ರ ಕುಣಿಯುತ್ತಿದ್ದವು. ನಾಯಿ ಆಗಲೇ ಅವರ ಕಿಸೆಯಲ್ಲಿತ್ತು.

"ಹೋಗಾ! ಹೋಗಾ ರಂಗೂಬಾಯಿ! ಕೊನೆಯ ಸಲ ಕರೆಯುತ್ತಿದ್ದೇನೆ!"

ಡಾಕ್ಟರ್ ರಂಗೂಬಾಯಿ ಗಲಗಲಿ ಸೆರಗು ಸರಿಮಾಡಿಕೊಂಡು ಎದ್ದರು. ನಲವತ್ತು ವರ್ಷಗಳಲ್ಲಿ ಮೊದಲ ಸಲ, ತುಂಬಿದ ಸರಕಾರಿ ಕಚೇರಿಯಲ್ಲಿ, ಮರಾಠಿ ಮರೆತು ಉತ್ತರ ಕೊಟ್ಟರು:

"ಬಂದೆ."